ಚಹಾದ ಕಲ್ಲಿನ ಮೇಲೆ ಅಳೆದ ಸಿಗ್ನಲ್

ಮೊಬೈಲೋ ಸ್ಯಾಟಲೈಟೋ? ಈ ಪ್ರಶ್ನೆಯನ್ನು ಇನ್ನೊಂದು ಸಲ ಯಾರಾದರೂ ನನ್ನ ಮುಂದೆ ಎತ್ತಿದರೆ ಎದ್ದು ಹೋಗುತ್ತೇನೆ ಎಂದು ನಾನು ಹೇಳಿ ವರ್ಷವಾಯಿತು. ಯಾರೂ ನಂಬುವುದಿಲ್ಲ. ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಸಾಫ್ಟ್‌ವೇರ್ ಕಚೇರಿ ಇಟ್ಟುಕೊಂಡು ಕೂತಿರುವವಳು ನಾನು. ಶಾಲೆಗಳಿಗೆ, ದಾಲ್ ಮಿಲ್ಲುಗಳಿಗೆ, ಆಸ್ಪತ್ರೆಗಳಿಗೆ ಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಅಲ್ಲಿಗೆ ಬಂದವರೆಲ್ಲ ಕುರ್ಚಿ ಬಿಸಿಯಾಗುವ ಮೊದಲೇ ಕೇಳುವುದು ಇದನ್ನೇ: ನಮ್ಮ ಕಡೆಗೆ ಮೊಬೈಲ್ ನೆಟ್‌ವರ್ಕ್ ಛಲೋನೋ, ಆ ಛತ್ರಿಯಂಥ ಡಿಶ್ ಛಲೋನೋ? ನನಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡಿದ್ದ ಕಾಲದಲ್ಲಿ ನಾನು ಒಬ್ಬ ಹೆಂಗಸಿನ ನೌಕರಿಗೇ ಕುತ್ತು ತಂದಿದ್ದೆ. ಅದನ್ನು ಒಮ್ಮೆ ಬರೆದು ಮುಗಿಸಿಬಿಡುತ್ತೇನೆ.

ತಾಯಿ ಮಕ್ಕಳ ಆರೈಕೆ ಮಾಡುವ ಒಂದು ಸಂಸ್ಥೆ ನಮಗೆ ಕೆಲಸ ಕೊಟ್ಟಿತ್ತು. ಹೆಸರು ಬೇಡ. ಅವರದು ಐದು ಕೇಂದ್ರಗಳು: ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಐದನೆಯದು ಚಿಂಚೋಳಿ ತಾಲ್ಲೂಕಿನಲ್ಲಿ, ಚಂದ್ರಂಪಳ್ಳಿ ಕೆರೆ ದಾಟಿದ ಮೇಲೆ ಕಾಡಿನ ಅಂಚಿಗಿರುವ ಹಳ್ಳಿಯಲ್ಲಿ. ಒಂದೊಂದು ಕೇಂದ್ರಕ್ಕೆ ಒಬ್ಬೊಬ್ಬ ನರ್ಸು. ಅವರು ಮನೆಮನೆಗೆ ಹೋಗಿ ಬಸುರಿಯರ ರಕ್ತದೊತ್ತಡ ನೋಡಬೇಕು, ಕೂಸುಗಳ ತೂಕ ನೋಡಬೇಕು, ಬರೆದಿಡಬೇಕು. ಅಲ್ಲಿಯವರೆಗೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಇನ್ನು ಮುಂದೆ ಫೋನಿನಲ್ಲಿ ಬರೆಯಬೇಕು, ಬರೆದದ್ದು ಆ ಕ್ಷಣವೇ ಕಲಬುರಗಿಯ ಮುಖ್ಯ ಕಚೇರಿಯಲ್ಲಿ ಕಾಣಬೇಕು ಎಂಬುದು ಸಂಸ್ಥೆಯ ಯೋಜನಾ ಮುಖ್ಯಸ್ಥರ ಆಸೆ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಸಾಹೇಬರದು ಒಂದು ಷರತ್ತಿತ್ತು. ಬರೆದದ್ದು ಫೋನಿನಲ್ಲಿ ಉಳಿಯಕೂಡದು, ನೆಟ್ ಇದ್ದಾಗ ಮಾತ್ರ ಫಾರ್ಮ್ ತೆರೆಯಬೇಕು. ಇಲ್ಲದಿದ್ದರೆ ನರ್ಸುಗಳು ಮನೆಯಲ್ಲಿ ಕೂತು ಸಂಜೆಗೆ ಏನೋ ಒಂದು ತುಂಬಿ ಕಳಿಸುತ್ತಾರೆ ಎಂದು ಅವರ ಅನುಮಾನ. ನಾನು ತಲೆಯಾಡಿಸಿದೆ. ತಲೆಯಾಡಿಸಿ ಸುಮ್ಮನಿದ್ದರೂ ಆಗುತ್ತಿತ್ತು. ಜಾಣತನ ಎಲ್ಲಿ ಬಿಡುತ್ತದೆ? ಸಮಯದ ಜೊತೆ ಜಾಗವನ್ನೂ ದಾಖಲಿಸೋಣ ಸರ್, ಯಾವ ಮನೆಯ ಮುಂದೆ ನಿಂತು ಕಳಿಸಿದರು ಎಂಬುದು ನಕ್ಷೆಯ ಮೇಲೆ ಚುಕ್ಕಿಯಾಗಿ ಬೀಳುತ್ತದೆ ಎಂದೆ. ಸಾಹೇಬರು ನನಗೆ ಇನ್ನೊಂದು ಚಹಾ ತರಿಸಿದರು.

ನನ್ನ ಕೆಲಸದ ಪಾಲುದಾರರು ಶಹಾಬಾದಿನವರು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಮನೆತನದವರು. ಕಲ್ಲು ಬಿಟ್ಟು ಕಂಪ್ಯೂಟರ್ ಹಿಡಿದವರು. ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ, ನಾನು ಅವರನ್ನು ಭಾಯಿ ಎನ್ನುತ್ತೇನೆ. ಯಂತ್ರ, ತಂತಿ, ಕಂಬ ಎಲ್ಲ ಅವರದು, ಬರೆಯುವುದು ನನ್ನದು. ಅವರು ಅವತ್ತೇ ಹೇಳಿದ್ದರು.

“ಫೋನಿನಾಗ ಇಟ್ಕೊಳ್ಳಾಕ ಬಿಡ್ರಿ ಆಪಾ. ಸಿಗ್ನಲ್ ಸಿಕ್ಕಾಗ ತಾನೇ ಹೋಗ್ತದ.”

ಗಿರಾಕಿ ಕೇಳಿದ್ದನ್ನು ಕೊಡುವುದು ನಮ್ಮ ಕೆಲಸ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳ ಗತ್ತು ಅದು. ಭಾಯಿ ವಾದ ಮಾಡುವವರಲ್ಲ. ಬಾಯಿಗೆ ಅಡಿಕೆ ಹಾಕಿಕೊಂಡು ತಮ್ಮ ತಂತಿಗಳ ಕಡೆ ತಿರುಗಿದರು.

ಹಾಗಾಗಿ ಎಲ್ಲವೂ ನೆಟ್ಟಿನ ಮೇಲೆ ನಿಂತಿತು. ಐದೂ ಕಡೆ ಸಿಗ್ನಲ್ ಹೇಗಿದೆ ಎಂದು ನೋಡಿಕೊಂಡು ಬರಬೇಕಿತ್ತು. ಮೊಬೈಲ್ ಸಾಲದ ಕಡೆ ಸ್ಯಾಟಲೈಟ್ ಡಿಶ್ ಕೂರಿಸಬಹುದು, ಆದರೆ ಮಂಜೂರಾಗಿರುವುದು ಒಂದೇ ಡಿಶ್ ಎಂದು ಸಾಹೇಬರು ಹೇಳಿದ್ದರು. ಮೇ ತಿಂಗಳು. ಭಾಯಿಯ ಹಳೆಯ ಕಾರು, ಅದರ ಎಸಿ ಯಾವತ್ತೋ ಕೈಕೊಟ್ಟಿತ್ತು. ಸೇಡಂ, ಚಿತ್ತಾಪುರ, ಶಹಾಬಾದ್ ಮೂರೂ ಕಡೆ ಸಿಗ್ನಲ್‌ಗೆ ಕೊರತೆ ಇರಲಿಲ್ಲ. ಬಿಸಿಲಿಗೆ ಕಾರಿನ ಸೀಟು ರೊಟ್ಟಿಯ ಹಂಚಾಗಿತ್ತು.

ವಾಡಿಯ ಕೇಂದ್ರ ರೈಲು ಹಳಿಯ ಹತ್ತಿರದ ಓಣಿಯೊಂದರಲ್ಲಿ, ಹಳೆಯ ಕಲ್ಲಿನ ಮನೆಯಲ್ಲಿತ್ತು. ಮೊಳ ದಪ್ಪದ ಗೋಡೆ, ತಲೆಯ ಮೇಲೆ ಫರಸಿ ಹಾಸಿದ ಮಾಳಿಗೆ. ನಾವು ಹೋದಾಗ ಲಸಿಕೆಯ ದಿನ. ಕೂಸುಗಳ ಅಳು, ತಾಯಂದಿರ ಗದ್ದಲ. ಬನ್ನಿ ಎಂದವರಿಲ್ಲ, ಕೂರಿ ಎಂದವರಿಲ್ಲ. ನರ್ಸು ನಮ್ಮನ್ನು ಒಮ್ಮೆ ನೋಡಿ ಮುಂದಿನ ಕೂಸಿನ ತೊಡೆ ಹಿಡಿದಳು. ಎರಡು ಮಂಚಗಳ ನಡುವೆ ಸಿಕ್ಕಿಕೊಂಡು ನಿಂತು ನಾನು ಫೋನು ತೆಗೆದೆ. ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ನನಗೆ ಸಿಟ್ಟು ಬಂದಿತ್ತು, ಬಾಯಾರಿಕೆಯೂ ಆಗಿತ್ತು. “ಸಿಗ್ನಲ್ ಇಲ್ಲ” ಎಂದು ಬರೆದುಕೊಂಡು ನೆಟ್ಟಗೆ ಕಾರಿಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ ನಿಂತು ಒಮ್ಮೆ ನೋಡಬೇಕು ಎನಿಸಲಿಲ್ಲ.

ಮರುದಿನ ಕಾಡಂಚಿನ ಹಳ್ಳಿ. ನರ್ಸು ಮನೆಗಳ ಭೇಟಿಗೆ ಹೋಗಿದ್ದರು, ಕೇಂದ್ರಕ್ಕೆ ಬೀಗ ಹಾಕಿತ್ತು. ಎದುರು ಮನೆಯ ಹೆಂಗಸರು ಮೂವರು ನಾವು ಕಾರಿನಿಂದ ಇಳಿಯುವ ಮೊದಲೇ ಸೆರಗು ಸರಿಮಾಡಿಕೊಂಡು ಬಂದರು. ಬರ್ರಿ, ಬರ್ರಿ ಎಂದು ನಮ್ಮನ್ನು ಶಾಲೆಯ ಹಿಂದಿನ ದಿಬ್ಬಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಹುಣಸೆಮರ, ಅದರ ನೆರಳಿಗೆ ಎರಡು ಗುಂಡುಕಲ್ಲುಗಳ ಮೇಲೆ ಉದ್ದಕ್ಕೆ ಹಾಸಿದ ಫರಸಿ ಕಲ್ಲು. ಕೂತು ಕೂತು ನುಣುಪಾಗಿತ್ತು. ಗಾಳಿ ತಣ್ಣಗೆ ಬೀಸುತ್ತಿತ್ತು. ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಹುರಿದ ಶೇಂಗಾ ಬಂತು. ಬೀಸಣಿಗೆ ಬೇಕೇನ್ರಿ ಎಂದು ಒಬ್ಬಾಕೆ ಕೇಳಿದಳು. ನಾನು ಫೋನು ತೆಗೆದೆ. ಕಡ್ಡಿಗಳು ಪೂರಾ ಇದ್ದವು. ನಮ್ಮ ಫಾರ್ಮ್ ಕಣ್ಣು ಮಿಟುಕಿಸುವುದರೊಳಗೆ ಕಲಬುರಗಿ ಮುಟ್ಟಿತು. ಮೂವರೂ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಬರ್ತದಲ್ರಿ ಎಂದರು. ಭಾಳ ಛಲೋ ಬರ್ತದ ಎಂದೆ. ಅವರ ಮುಖ ಅರಳಿತು.

ಕೇಂದ್ರದ ಹತ್ತಿರವೂ ಒಮ್ಮೆ ನೋಡೋಣ ಎಂದು ಭಾಯಿ ಅಂದರು. ಅಲ್ಲಿ ಬೀಗ ಇದೆ, ಇನ್ನೂರು ಹೆಜ್ಜೆಗೆ ಏನು ವ್ಯತ್ಯಾಸವಾಗುತ್ತದೆ ಎಂದೆ ನಾನು. “ಸಿಗ್ನಲ್ ಅತ್ಯುತ್ತಮ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಚಿಂಚೋಳಿಯಲ್ಲಿ ಊಟ ಮಾಡಿ ಸೇಡಂ ಸೇರಿಕೊಂಡೆವು. ಮರ್ಯಾದೆ ಸಿಕ್ಕಲ್ಲಿ ಸಿಗ್ನಲ್ ಸಿಕ್ಕಿತ್ತು, ಸಿಗದಲ್ಲಿ ಸಿಕ್ಕಿರಲಿಲ್ಲ. ಇದನ್ನು ಗಮನಿಸಲು ನನಗೆ ಒಂಬತ್ತು ತಿಂಗಳು ಬೇಕಾಯಿತು.

ಆಮೇಲೆ ಶುರುವಾದದ್ದು ಮೀಟಿಂಗುಗಳ ಕಾಟ. ಡಿಶ್ ಎಲ್ಲಿ, ಮೊಬೈಲ್ ಎಲ್ಲಿ? ಸಾಹೇಬರಿಗೆ ಪ್ರತಿ ವಾರ ಹೊಸ ಅನುಮಾನ ಹುಟ್ಟುತ್ತಿತ್ತು. ಮಳೆಗೆ ಡಿಶ್ ನಿಲ್ಲುತ್ತದೆಯೇ? ಭಾರೀ ಮಳೆಗೆ ತೊಂದರೆ, ಆದರೆ ವಾಡಿಯಲ್ಲಿ ಭಾರೀ ಮಳೆ ಎಷ್ಟು ದಿನ ಸರ್? ಕರೆಂಟು ಹೋದರೆ? ಇನ್ವರ್ಟರ್ ಬೇಕು. ಆಕಾಶಕ್ಕೆ ಹೋಗಿ ಬರಲು ಹೊತ್ತಾಗುವುದಿಲ್ಲವೇ? ಆಗುತ್ತದೆ, ಆದರೆ ನರ್ಸಿಗೆ ಗೊತ್ತಾಗುವಷ್ಟಲ್ಲ. ಮೊಬೈಲಿನಲ್ಲಿ ಎರಡು ಕಂಪನಿಯ ಸಿಮ್ ಹಾಕಿದರೆ? ಹಾಕಬಹುದು. ಹಾಗಾದರೆ ಡಿಶ್ ಯಾಕೆ? ತಲೆ ಚಿಟ್ಟು ಹಿಡಿದು ಹೋಯಿತು. ಬಣ್ಣಬಣ್ಣದ ಪಟ್ಟಿ ಮಾಡಿಕೊಂಡು ಹೋದೆ, ಅವರು ಬೇರೆ ಬಣ್ಣದಲ್ಲಿ ತನ್ನಿ ಎಂದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವ ಕೆಲಸ ಅದು ಎಂದು ನನಗೆ ಆಗ ತಿಳಿಯಲಿಲ್ಲ. ಅಷ್ಟೂ ಮೀಟಿಂಗುಗಳಲ್ಲಿ ಐವರು ನರ್ಸುಗಳ ಪೈಕಿ ಒಬ್ಬರನ್ನೂ ಕರೆದಿರಲಿಲ್ಲ. ಕರೆಯಬೇಕು ಎಂದು ನಾನೂ ಹೇಳಿರಲಿಲ್ಲ.

ಕೊನೆಗೆ ಡಿಶ್ ವಾಡಿಗೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಅದರ ತುದಿಗೆ ಡಿಶ್ ಕೂರಿಸಿ ಬಂದೆವು. ಎಂಟು ದಿನಕ್ಕೆ ನೆಟ್ ಬಂದ್. ಭಾಯಿ ಹೋಗಿ ನೋಡಿದರೆ ಪಕ್ಕದ ಮನೆಯಾಕೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಬಂದು ತನ್ನ ಒದ್ದೆ ಸೀರೆಯನ್ನು ಡಿಶ್ಶಿನ ಮುಖಕ್ಕೇ ಹೊದಿಸಿದ್ದಳು. ಭಾಯಿ ಕೈಮುಗಿದು ಕೇಳಿಕೊಂಡರು. ಮುಂದಿನ ವಾರ ಚಾದರ. ವಾಡಿಯ ನರ್ಸು ಮಾತ್ರ ತಲೆ ಕೆಡಿಸಿಕೊಂಡಿರಲಿಲ್ಲ. ಕೇಂದ್ರದಲ್ಲಿದ್ದಾಗ ಫೋನು ಹಿಡಿದು ಹೊರಗಿನ ಕಟ್ಟೆಗೆ ಬಂದು ಮೊಬೈಲ್ ನೆಟ್ಟಿನಲ್ಲಿ ಕಳಿಸಿ ಒಳಗೆ ಹೋಗುತ್ತಿದ್ದಳು. ಕಟ್ಟೆಯ ಮೇಲೆ ಸಿಗ್ನಲ್ ಮೊದಲಿನಿಂದಲೂ ಇತ್ತಂತೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಾಹೇಬರ ಫೋನು ಬಂತು. ದನಿಯಲ್ಲಿ ಉತ್ಸಾಹವಿತ್ತು. ನಿಮ್ಮ ಸಾಫ್ಟ್‌ವೇರ್ ಕಳ್ಳತನ ಹಿಡಿದಿದೆ ಮೇಡಂ ಎಂದರು. ನಕ್ಷೆ ತೆರೆದು ನೋಡಿದೆ. ನಾಲ್ಕು ಕೇಂದ್ರಗಳ ಚುಕ್ಕಿಗಳು ಊರ ತುಂಬ ಜೋಳ ಚೆಲ್ಲಿದಂತೆ ಹರಡಿದ್ದವು. ಕಾಡಂಚಿನ ಹಳ್ಳಿಯದು ಒಂದೇ ಚುಕ್ಕಿ. ತಿಂಗಳುಗಟ್ಟಲೆ ಭೇಟಿಗಳೆಲ್ಲ ಆ ಒಂದೇ ಜಾಗದಿಂದ, ದಿನಾ ಸಂಜೆ ಐದರಿಂದ ಐದೂವರೆಯ ಒಳಗೆ ಬಂದಿದ್ದವು. ಆಕೆ ಯಾವ ಮನೆಗೂ ಹೋಗುತ್ತಿಲ್ಲ, ಎಲ್ಲೋ ಕೂತು ಸುಳ್ಳು ತುಂಬುತ್ತಿದ್ದಾಳೆ ಎಂದು ಸಾಹೇಬರು ತೀರ್ಮಾನಿಸಿದ್ದರು. ಆಕೆಯ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಮುಂದುವರಿಸುವುದಿಲ್ಲ ಎಂದರು. ಸಾಫ್ಟ್‌ವೇರಿನಲ್ಲಿ ತಪ್ಪಿರುವ ಸಾಧ್ಯತೆ ಇದೆಯೇ, ಬರಹದಲ್ಲಿ ಕೊಡಿ ಎಂದು ನನ್ನನ್ನು ಕೇಳಿದರು.

ಸಾಧ್ಯತೆ ಇಲ್ಲ ಎಂದು ಬರೆದು ಸಹಿ ಹಾಕಿ ಕಳಿಸಿದೆ. ಅನುಮಾನವೇ ಬರಲಿಲ್ಲ. ಬರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ನನಗೆ ಖುಷಿಯಾಗಿತ್ತು. ನಾನು ಬರೆದದ್ದು ಒಬ್ಬ ಕಳ್ಳಿಯನ್ನು ಹಿಡಿದಿದೆ ಎಂದು ಮಧ್ಯಾಹ್ನದ ಊಟದ ಹೊತ್ತಿಗೆ ಭಾಯಿಗೆ ಎರಡು ಸಲ ಹೇಳಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನಕ್ಕೆ ಆ ನರ್ಸಿನ ಫೋನು ಬಂತು. ನಾವು ಎಂದೂ ಭೇಟಿಯಾದವರಲ್ಲ. ದನಿ ಕಡಿಕಡಿದು ಬರುತ್ತಿತ್ತು. ಕೇಂದ್ರದಿಂದ ದಿಬ್ಬ ಹತ್ತುತ್ತ ಮಾತಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಒಮ್ಮೆ ಬಂದು ನೋಡಿ ಎಂದಷ್ಟೇ ಅರ್ಥವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಫೋನು ಇಟ್ಟೆ. ಭಾಯಿ ಕಾರಿನ ಕೀಲಿ ಮೇಜಿನ ಮೇಲೆ, ನನ್ನ ಕೈಯ ಹತ್ತಿರ ಇಟ್ಟರು. ಸಹಿ ಹಾಕಿದವರು ನೀವು, ನೋಡಿ ಬರೋಣ ಎಂದರು. ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದು ನಾನು ಹಿಂದೆ ಕೇಳಿರಲಿಲ್ಲ. ಹೋದೆವು.

ಮತ್ತೆ ಕಾರು ನಿಂತಿತು, ಮತ್ತೆ ಅದೇ ಹೆಂಗಸರು ಎದ್ದು ಬರ್ರಿ ಬರ್ರಿ ಎಂದು ದಿಬ್ಬದ ಕಡೆ ಕೈ ಮಾಡಿದರು. ನರ್ಸು ಕೇಂದ್ರದ ಬಾಗಿಲಲ್ಲಿ ನಿಂತಿದ್ದರು. ನಲವತ್ತರ ಆಸುಪಾಸು, ಹೆಗಲಿಗೆ ಚೀಲ, ಕಾಲಲ್ಲಿ ಸವೆದ ಚಪ್ಪಲಿ. ಅವರು ಹೆಂಗಸರನ್ನು ತಡೆದು ನನ್ನನ್ನು ಒಳಗೆ ಕರೆದು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

“ಈ ಸಲ ಚಾ ಇಲ್ಲೇ ಕುಡೀರಿ ಮೇಡಂ. ಕುಡಿಯೋ ತನಕ ಫೋನ್ ನೋಡ್ಕೋತ ಕುಂದ್ರಿ.”

ಕೂತೆ. ನೋಡಿದೆ. ಕೇಂದ್ರ ದಿಬ್ಬದ ಹಿಂದಿನ ತಗ್ಗಿನಲ್ಲಿತ್ತು. ಕಡ್ಡಿ ಒಂದೂ ಇಲ್ಲ. ಚಹಾ ಮುಗಿಯಿತು, ಇನ್ನೂ ಇಲ್ಲ. ಫೋನು ಕಿಟಕಿಗೆ ಹಿಡಿದೆ, ಬಾಗಿಲಿಗೆ ಹಿಡಿದೆ, ತಲೆಯ ಮೇಲೆ ಎತ್ತಿದೆ. ಸಾಫ್ಟ್‌ವೇರ್ ತೆರೆದರೆ ನಾನೇ ಬರೆದ ಸಾಲು ಬಂತು: ನೆಟ್‌ವರ್ಕ್ ಇಲ್ಲ, ದಯವಿಟ್ಟು ನಂತರ ಪ್ರಯತ್ನಿಸಿ. ಆ ದಯವಿಟ್ಟು ಎಂಬ ಪದ ನೋಡಿ ಫೋನು ಗೋಡೆಗೆ ಎಸೆಯಬೇಕೆನಿಸಿತು.

ನರ್ಸು ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡರು. ಚೀಲ ಹೆಗಲಿಗೇರಿಸಿ ಹೊರಟರು, ನಾವು ಹಿಂದೆ ನಡೆದೆವು. ಒಂದು ಮನೆಯಲ್ಲಿ ಏಳು ತಿಂಗಳ ಬಸುರಿ, ಇನ್ನೊಂದರಲ್ಲಿ ಹದಿನೈದು ದಿನದ ಕೂಸು, ಹೊಲದ ನಡುವಿನ ಗುಡಿಸಲಲ್ಲಿ ಅವಳಿಮಕ್ಕಳ ತಾಯಿ. ಮನೆಯವರು ನರ್ಸು ಬಂದದ್ದಕ್ಕೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ದಿನವೂ ಬರುವವರನ್ನು ಯಾರು ನೋಡುತ್ತಾರೆ? ಸಿಗ್ನಲ್ ಎಲ್ಲೂ ಇರಲಿಲ್ಲ. ನರ್ಸು ಪ್ರತಿ ಮನೆಯಲ್ಲೂ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು. ಐದು ಗಂಟೆಗೆ ದಿಬ್ಬ ಹತ್ತಿ ಹುಣಸೆಮರದ ಕೆಳಗಿನ ಆ ನುಣುಪಾದ ಕಲ್ಲಿನ ಮೇಲೆ ಕೂತು, ರಿಜಿಸ್ಟರ್ ತೊಡೆಯ ಮೇಲೆ ಇಟ್ಟುಕೊಂಡು, ದಿನದ್ದೆಲ್ಲ ಫೋನಿಗೆ ಹಾಕಿದರು. ಅರ್ಧ ಗಂಟೆ ಹಿಡಿಯಿತು.

ನಕ್ಷೆಯ ಮೇಲಿನ ಆ ಒಂದೇ ಚುಕ್ಕಿ ಅದು. ಅದರ ಮೇಲೆ ಕೂತೇ ನಾನು ಶೇಂಗಾ ತಿಂದು “ಅತ್ಯುತ್ತಮ” ಎಂದು ಎರಡು ಗೆರೆ ಎಳೆದದ್ದು.

ಬಂದವರನ್ನೆಲ್ಲ ಯಾಕೆ ಇಲ್ಲಿಗೇ ಕರೆತರುತ್ತಾರೆ ಎಂದು ಕೇಳಿದೆ. ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು, ಯಾರ ಮೇಲೋ ಗೊತ್ತಿಲ್ಲ.

“ಊರಿಗೆ ಬಂದೋರಿಗೆ ಫೋನ್ ಹತ್ತಲಿಲ್ಲಂದ್ರ ಇವರಿಗೆ ನಾಚಿಕಿ ಆಗ್ತದ್ರಿ,” ಎಂದರು ನರ್ಸು. “ಅದಕ್ಕ ಯಾರು ಬಂದ್ರೂ ಇಲ್ಲೇ ಕುಂದ್ರಸ್ತಾರ.”

ಟವರ್ ಹಾಕಲು ಜಾಗ ನೋಡಲು ಬಂದವರನ್ನೂ ಇಲ್ಲೇ ಕೂರಿಸಿ ಚಹಾ ಕೊಟ್ಟಿದ್ದರಂತೆ. ಅವರು ಫೋನು ನೋಡಿಕೊಂಡು, ಇಲ್ಲಿ ಟವರ್ ಬೇಕಾಗಿಲ್ಲ ಎಂದು ಬರೆದುಕೊಂಡು ಹೋದರಂತೆ. ಭಾಯಿ ನಗು ತಡೆಯಲು ಮರದ ಆಚೆಗೆ ಹೋದರು. ನನಗೆ ನಗು ಬರಲಿಲ್ಲ. ಆ ಹೆಂಗಸರ ಮೇಲೆ ರೇಗಬೇಕೆಂದರೆ ಅವರು ಮಾಡಿದ್ದು ಉಪಚಾರ. ಸಾಹೇಬರ ಮೇಲೆ ರೇಗೋಣವೆಂದರೆ ಅಳೆದವಳು ನಾನು, ಚುಕ್ಕಿಯ ಉಪಾಯ ಕೊಟ್ಟವಳು ನಾನು, ಸಹಿ ಹಾಕಿದವಳೂ ನಾನು. ಬರುವಾಗ ದಾರಿಯುದ್ದಕ್ಕೂ ರಸ್ತೆಯ ಗುಂಡಿಗಳಿಗೆ ಬೈದೆ.

ಎರಡು ದಿನ ಬಿಟ್ಟು ಕಲಬುರಗಿಯಲ್ಲಿ ಸಾಹೇಬರ ಮುಂದೆ ಕೂತೆ. ನಡೆದದ್ದನ್ನು ಹೇಳಿದೆ. ಹಾಗಾದರೆ ಡಿಶ್ ಅಲ್ಲಿಗೆ ಒಯ್ಯೋಣ ಎಂದರು. ಆಮೇಲೆ, ಅಥವಾ ಅಲ್ಲಿ ಎರಡು ಸಿಮ್ ಹಾಕಿ ನೋಡೋಣವೇ, ಎರಡನ್ನೂ ಹೋಲಿಸಿ ಒಂದು ವರದಿ ಕೊಡಿ ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಡಿಶ್ ಒಯ್ದರೂ ಅದು ಕೇಂದ್ರದ ಮಾಳಿಗೆಯ ಮೇಲೆ ಇರುತ್ತದೆ, ಆಕೆ ಇರುವುದು ಹೊಲದ ನಡುವಿನ ಗುಡಿಸಲಲ್ಲಿ. ಮೊಬೈಲೂ ಮುಟ್ಟುವುದಿಲ್ಲ, ಸ್ಯಾಟಲೈಟೂ ಮುಟ್ಟುವುದಿಲ್ಲ. ಮನೆಯಲ್ಲೇ ಬರೆದು, ಸಮಯ ಜಾಗ ಎರಡನ್ನೂ ಫೋನಿನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುವಂತೆ ಮಾಡಿದರೆ ಸಾಕು. ಭಾಯಿ ಮೊದಲ ದಿನ ಹೇಳಿದ್ದು ಅದನ್ನೇ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಸಾಫ್ಟ್‌ವೇರ್ ಹಾಗೇ ಬದಲಾಯಿಸಿ ಎಂದರು ಸಾಹೇಬರು. ನರ್ಸಿನ ಗುತ್ತಿಗೆ ಎಂದೆ. ನೋಡೋಣ, ಫೈಲಿನಲ್ಲಿ ನಿಮ್ಮ ಪತ್ರ ಇದೆಯಲ್ಲ ಎಂದರು. ತಾಂತ್ರಿಕ ತೊಂದರೆ ಎಂದು ಎಲ್ಲೋ ಒಂದು ಸಾಲು ಸೇರಿಸಿದರಾಯಿತು ಎಂದೂ ಅಂದರು. ಆ ಒಂದು ಸಾಲು ನನಗೂ ಅನುಕೂಲದ್ದು. ತಪ್ಪನ್ನು ಯಂತ್ರದ ಮೇಲೆ ಹಾಕಿದರೆ ಯಾರ ಮುಖಕ್ಕೂ ಮಸಿ ಇಲ್ಲ. ಹಾಗೇ ಮಾಡಿಬಿಡೋಣ ಎಂದು ಒಮ್ಮೆ ಅನಿಸಿತು, ಅದನ್ನೂ ಒಪ್ಪಿಕೊಳ್ಳಬೇಕು.

“ತಾಂತ್ರಿಕ ತೊಂದರೆ ಅಲ್ಲ ಸರ್,” ಎಂದೆ. “ಚಹಾ ಕೊಟ್ಟ ಜಾಗದಲ್ಲಿ ಕೂತು ಅಳೆದೆ. ಕೆಲಸ ನಡೆಯುವ ಜಾಗದಲ್ಲಿ ಅಳೆಯಲಿಲ್ಲ. ತಪ್ಪು ನನ್ನದು.”

ಅವರ ಮೇಜಿನ ಮೇಲಿದ್ದ ಹಾಳೆಯನ್ನೇ ಎಳೆದುಕೊಂಡು ಅದನ್ನೇ ಬರೆದೆ. ಸಾಧ್ಯತೆ ಇಲ್ಲ ಎಂದು ಬರೆದ ಹಳೆಯ ಪತ್ರವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಸೇರಿಸಿದೆ. ನರ್ಸು ದಿನವೂ ಮನೆಗಳಿಗೆ ಹೋಗುತ್ತಾರೆ, ನಾನು ಕಣ್ಣಾರೆ ಕಂಡೆ ಎಂದೂ ಬರೆದು ಸಹಿ ಹಾಕಿದೆ. ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು. ಆ ದಿನ ಚಹಾ ತರಿಸಲಿಲ್ಲ. ಸಂಸ್ಥೆಯ ಮುಂದಿನ ಕೆಲಸ ನಮಗೆ ಬರಲಿಲ್ಲ, ಬರುತ್ತದೆ ಎಂದು ನಾನೂ ಕಾಯಲಿಲ್ಲ.

ನಾಲ್ಕು ದಿನ ಕೂತು ಸಾಫ್ಟ್‌ವೇರ್ ಬದಲಾಯಿಸಿದೆ. ಬರೀ ನಾಲ್ಕು ದಿನದ ಕೆಲಸ. ಡಿಶ್ ಇನ್ನೂ ವಾಡಿಯ ಮಾಳಿಗೆಯ ಮೇಲೇ ಇದೆ, ಪಕ್ಕದ ಮನೆಯಾಕೆಗೆ ಅದರಿಂದ ಒಳ್ಳೆಯ ಉಪಯೋಗವಾಗುತ್ತಿದೆ.

ಹತ್ತು ದಿನದ ಮೇಲೆ ನರ್ಸಿನ ಫೋನು ಬಂತು. ಗುತ್ತಿಗೆ ಮುಂದುವರಿಸಿದ ಪತ್ರ ಕೈಸೇರಿದೆ ಎಂದರು. ಫೋನಿನಲ್ಲಿ ಬರೆಯುವುದು ಈಗ ಸಲೀಸಾಗಿದೆ ಎಂದರು. ನಾನು ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅದನ್ನು ಬಿಟ್ಟು ಹೊಸ ಸಾಫ್ಟ್‌ವೇರಿನ ಬಗ್ಗೆಯೇ ಹೇಳತೊಡಗಿದೆ. ಇನ್ನು ಮುಂದೆ ಚುಕ್ಕಿಗಳು ಆಯಾ ಮನೆಯ ಮೇಲೇ ಬೀಳುತ್ತವೆ, ಯಾರೂ ಏನೂ ಅನ್ನಲು ಬರುವುದಿಲ್ಲ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆತ್ರಿ ಮೇಡಂ,” ಎಂದರು. “ಆದ್ರ ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ದಿನಾ ಹೋಗೋ ಮನಿ ಅವೇ ಅವ. ಅವ್ರ ಪೈಕಿ ಒಬ್ಬಾಕೀನ್ನರ ನೀವು ಕೇಳಿದ್ದರ, ನರ್ಸಬಾಯಿ ಬರ್ತಾಳೋ ಇಲ್ಲೋ ಅಂತ ಹೇಳ್ತಿದ್ದಳಲ್ರಿ. ಯಾಕ ಯಾರೂ ಕೇಳಲಿಲ್ಲ?”

ಅವರು ಆ ಕಲ್ಲಿನ ಮೇಲೆ ಕೂತು ಮಾತಾಡುತ್ತಿದ್ದಿರಬೇಕು. ದನಿ ಒಂದು ಸಲವೂ ಕಡಿಯಲಿಲ್ಲ, ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತು.